ರಾಜ್ಯೋತ್ಸವದ ವಕಾರವನ್ನು ನುಂಗಿದವರು ಯಾರು?

ಚೆನ್ನೈನ ನಮ್ಮ ಪುಟ್ಟ ಕನ್ನಡ ಬಳಗದ ಪತ್ರವ್ಯವಹಾರವನ್ನು ನೋಡಿಕೊಳ್ಳುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವೃತ್ತಿಯಿಂದ ನಾನು ತಂತ್ರಾಂಶ ಪರೀಕ್ಷಕ. ಬೇರೆಯವರು ಬರೆದ ತಂತ್ರಾಂಶದಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನದ ದಾರಿ. ಒಂದು ನವೆಂಬರ್‌ಗೆ ಮುನ್ನ ಬಳಗದ ಸದಸ್ಯರಿಗೆಲ್ಲ ಮಿಂಚಂಚೆಯಲ್ಲಿ ಆಹ್ವಾನ ಕಳಿಸಿದೆ. ವಿಷಯದ ಸಾಲು ಸರಳವಾಗಿತ್ತು: ‘ಕನ್ನಡ ರಾಜ್ಯೋತ್ಸವ ಆಹ್ವಾನ’. ಅರ್ಧ ಗಂಟೆಯೊಳಗೆ ನಮ್ಮ ಬಳಗದ ಹಿರಿಯರಾದ ಮೇಷ್ಟ್ರ ದೂರವಾಣಿ ಕರೆ ಬಂತು. “ಏನಪ್ಪಾ, ರಾಜ್ಯೋತ್ಸವದ ವಕಾರವನ್ನೇ ನುಂಗಿಬಿಟ್ಟಿದ್ದೀಯಲ್ಲ?” ಎಂದರು. ಅವರ ತೆರೆಯ ಮೇಲೆ ‘ರಾಜ್ಯೋತ್ಸ’ ಎಂಬಲ್ಲಿಗೆ ಪದ ತುಂಡಾಗಿ, ಮುಂದೆ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆಗಳೆರಡು ಕುಳಿತಿದ್ದವು. ನನ್ನ ತೆರೆಯ ಮೇಲೆ ಎಲ್ಲವೂ ಸರಿಯಾಗಿತ್ತು. ವಿಚಾರಿಸಿದಾಗ ತಿಳಿದುದು: ಕೆಲವರಿಗೆ ವಕಾರ ಇತ್ತು, ಕೆಲವರಿಗೆ ಇರಲಿಲ್ಲ.

ನಮಗೆ ಅಂಚೆ ಸೇವೆ ಒದಗಿಸುತ್ತಿದ್ದ ಸಂಸ್ಥೆಗೆ ದೂರು ಕೊಟ್ಟೆ. ಅದರ ಹೆಸರು ಇಲ್ಲಿ ಬೇಡ. ಅಂಥ ಸಂಸ್ಥೆಗಳು ಒಂದಲ್ಲ, ಹಲವು. ಎರಡು ದಿನಗಳ ಮೇಲೆ ಉತ್ತರ ಬಂತು. ತಮ್ಮ ಸರ್ವರ್ ಕನ್ನಡವನ್ನು ಪೂರ್ಣವಾಗಿ ಬೆಂಬಲಿಸುತ್ತದೆ, ಪರೀಕ್ಷಿಸಿಯೂ ನೋಡಿದ್ದೇವೆ, ದೋಷ ನಿಮ್ಮ ಸದಸ್ಯರ ಫೋನುಗಳಲ್ಲಿರಬೇಕು ಎಂಬುದು ಅದರ ಸಾರ. ಹೇಗೆ ಪರೀಕ್ಷಿಸಿದಿರಿ ಎಂದು ಕೇಳಿದೆ. ವಿಷಯದ ಸಾಲಿನಲ್ಲಿ ‘ಕನ್ನಡ’ ಎಂದು ಬರೆದು ಕಳಿಸಿದ್ದರಂತೆ; ಉದ್ದನೆಯ ಸಾಲಿಗೂ ಪರೀಕ್ಷೆ ಆಗಲಿ ಎಂದು ‘ಕನ್ನಡಕನ್ನಡಕನ್ನಡಕನ್ನಡ’ ಎಂದು ಒತ್ತಾಗಿ ಬರೆದೂ ಕಳಿಸಿದ್ದರಂತೆ. ಎರಡೂ ಕ್ಷೇಮವಾಗಿ ತಲುಪಿದವು.

ಅವರು ಸುಳ್ಳು ಹೇಳಿರಲಿಲ್ಲ. ಅವರ ಪರೀಕ್ಷೆ ಗೆದ್ದದ್ದೂ ನಿಜ, ನಮ್ಮ ವಕಾರ ಮಾಯವಾದದ್ದೂ ನಿಜ. ಈ ಎರಡು ನಿಜಗಳ ನಡುವಿನ ಅಂತರವೇ ಈ ಬರಹದ ವಿಷಯ. ಮೊದಲು ಲೆಕ್ಕ ನೋಡೋಣ, ಜಗಳ ಆಮೇಲೆ.

ಮಿಂಚಂಚೆಯ ಮೂಲ ನಿಯಮಾವಳಿ 1982ರದು. ಅದು ಇಂಗ್ಲಿಷ್ ಅಕ್ಷರಗಳ ಏಳು ಬಿಟ್ಟುಗಳ ಪ್ರಪಂಚ. ಹತ್ತು ವರ್ಷಗಳ ಮೇಲೆ, 1992ರಲ್ಲಿ, ಬೇರೆ ಲಿಪಿಗಳನ್ನು ಇಂಗ್ಲಿಷ್ ಅಕ್ಷರಗಳ ಮುಸುಕಿನಲ್ಲಿ ಸಾಗಿಸುವ ಮೈಮ್ ಎಂಬ ಏರ್ಪಾಡು ಬಂತು. ಇಂದಿಗೂ ನಮ್ಮ ವಿಷಯದ ಸಾಲುಗಳು ಬಹುಪಾಲು ಈ ಮುಸುಕಿನಲ್ಲೇ ಪಯಣಿಸುತ್ತವೆ. ನಿಯಮದ ಪ್ರಕಾರ ಮುಸುಕಿನ ಒಂದೊಂದು ತುಣುಕೂ 75 ಅಕ್ಷರಗಳನ್ನು ಮೀರಬಾರದು. ತುಣುಕಿನ ಹಿಂದೆ ಮುಂದೆ ಹಾಕುವ ಗುರುತುಗಳಿಗೆ 12 ಹೋದರೆ ಉಳಿಯುವುದು 63. ಒಳಗಿನ ಸರಕನ್ನು ನಾಲ್ಕು ನಾಲ್ಕರ ಗುಂಪಾಗಿ ಕಟ್ಟಬೇಕಾದ್ದರಿಂದ ಬಳಕೆಗೆ ದಕ್ಕುವುದು 60. ನಾಲ್ಕರ ಗುಂಪೊಂದರಲ್ಲಿ ಮೂರು ಬೈಟುಗಳು ಅಡಗುತ್ತವೆ. ಅಂದರೆ ಒಂದು ತುಣುಕಿಗೆ 45 ಬೈಟುಗಳು.

ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಯೂ ಮೂರು ಬೈಟು. ‘ಕನ್ನಡ’ ಎಂಬುದರಲ್ಲಿ ಕ, ನ, ಹಲಂತದ ಗುರುತು, ನ, ಡ ಎಂದು ಐದು ಚಿಹ್ನೆಗಳು, 15 ಬೈಟುಗಳು. ಮೂರು ಬಾರಿ ‘ಕನ್ನಡ’ ಎಂದರೆ ಸರಿಯಾಗಿ 45. ಆ ಸರ್ವರ್ ಅಕ್ಷರದ ಗಡಿಯನ್ನು ನೋಡದೆ ಕುರುಡಾಗಿ 45 ಬೈಟಿಗೊಮ್ಮೆ ಕತ್ತರಿಸುತ್ತಿತ್ತು. ಆದರೆ ಅವರ ಪರೀಕ್ಷೆಯ ಸಾಲಿನಲ್ಲಿ ಕತ್ತರಿ ಬಿದ್ದದ್ದು ಸರಿಯಾಗಿ ಎರಡು ಪದಗಳ ನಡುವೆ! ಕುರುಡನ ಏಟು ಗುರಿಗೆ ಬಿತ್ತು. ಪರೀಕ್ಷಕರು ಅವನಿಗೆ ಕಣ್ಣಿದೆ ಎಂದು ಬರೆದುಕೊಂಡರು.

ಈಗ ನಮ್ಮ ಆಹ್ವಾನ. ‘ಕನ್ನಡ’ಕ್ಕೆ 15 ಬೈಟು. ಆಮೇಲೆ ಒಂದು ತೆರಪು. ಅದು ಇಂಗ್ಲಿಷಿನದೇ ತೆರಪಾದ್ದರಿಂದ ಒಂದೇ ಬೈಟು. ಅಲ್ಲಿಗೆ 16. ‘ರಾಜ್ಯೋತ್ಸವ’ದಲ್ಲಿ ಹತ್ತು ಚಿಹ್ನೆ, 30 ಬೈಟು. ಒಟ್ಟು 46. ಕತ್ತರಿ 45ಕ್ಕೆ ಬಿತ್ತು. ಕೊನೆಯ ವಕಾರದ ಮೂರು ಬೈಟುಗಳಲ್ಲಿ ಎರಡು ಮೊದಲ ತುಣುಕಿನಲ್ಲೂ ಒಂದು ಎರಡನೆಯ ತುಣುಕಿನಲ್ಲೂ ಸೇರಿದವು. ಹಾಗೆ ಅಕ್ಷರವನ್ನು ಸೀಳಬಾರದೆಂದು ನಿಯಮವೇ ಹೇಳುತ್ತದೆ. ಕೆಲವು ಫೋನುಗಳು ತುಣುಕುಗಳನ್ನೆಲ್ಲ ಜೋಡಿಸಿಕೊಂಡ ಮೇಲೆ ಓದುತ್ತವೆ. ಅಂಥವುಗಳಲ್ಲಿ ವಕಾರ ಉಳಿಯಿತು. ಕೆಲವು ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ಬಿಡಿಸುತ್ತವೆ; ಅಂಥವುಗಳಲ್ಲಿ ಎರಡು ವಜ್ರಗಳು ಉಳಿದವು. ಮೇಷ್ಟ್ರ ಫೋನು ನಿರಪರಾಧಿ.

ತೆರಪಿಲ್ಲದ ಕನ್ನಡವನ್ನು ಯಾವ ಕನ್ನಡಿಗನೂ ಬರೆಯುವುದಿಲ್ಲ. ಎರಡು ಪದಗಳ ನಡುವೆ ಒಂದು ತೆರಪಿಟ್ಟು ಪರೀಕ್ಷಿಸಿದ್ದರೆ ಸಾಕಿತ್ತು, ಈ ದೋಷ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಅಂಥ ಒಂದು ಸಾಲನ್ನು ಆ ಇಂಜಿನಿಯರುಗಳ ಕೈಗೆ ಕೊಡಬೇಕಾದವರು ಯಾರು? ಅವರಿಗೆ ಕನ್ನಡ ಬಾರದು, ಬರಬೇಕೆಂದೂ ಇಲ್ಲ. ಬರುವುದು ನಮಗೆ. ನಾವು ಕೊಡಲಿಲ್ಲ. ಆದ್ದರಿಂದ ವಕಾರವನ್ನು ನುಂಗಿದವರು ಯಾರೆಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ: ನಾವೇ.

ನನ್ನ ವಾದ ಇಷ್ಟು. ಕಂಪ್ಯೂಟರಿನಲ್ಲಿ ಕನ್ನಡದ ಸ್ಥಾನವನ್ನು ಸರಕಾರದ ಆದೇಶ ಕಾಯುವುದಿಲ್ಲ, ಸಮ್ಮೇಳನದ ನಿರ್ಣಯ ಕಾಯುವುದಿಲ್ಲ, ಉದ್ಘಾಟನೆಯ ದೀಪ ಕಾಯುವುದಿಲ್ಲ. ಅದನ್ನು ಕಾಯುವುದು ಪ್ರತಿ ರಾತ್ರಿ ತಾನೇ ತಾನಾಗಿ ನಡೆಯುವ ಪರೀಕ್ಷೆಗಳ ಒಂದು ಕಟ್ಟು. ಆ ಕಟ್ಟಿಗೆ ಬೇಕಾದ ಕನ್ನಡವನ್ನು ಆಯ್ದು ಕೊಡುವುದು ಕನ್ನಡದ ಓದು ಬರಹ ಬಲ್ಲ ಬಳಗಗಳ ಕೆಲಸ. ಇದನ್ನು ತಾಂತ್ರಿಕರ ಕೆಲಸವೆಂದು ದೂರ ತಳ್ಳಿ ನಾವು ಇಷ್ಟು ವರ್ಷ ಕೈತೊಳೆದುಕೊಂಡಿದ್ದೇವೆ.

ಪರೀಕ್ಷೆಗಳ ಕಟ್ಟು ಎಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಂಚೆಯ ಸರ್ವರ್ ತಂತ್ರಾಂಶ ಒಮ್ಮೆ ಬರೆದು ಮುಗಿಸುವ ಪುಸ್ತಕವಲ್ಲ. ಯಾರೋ ಭದ್ರತೆಯ ರಂಧ್ರವೊಂದನ್ನು ಮುಚ್ಚುತ್ತಾರೆ, ಇನ್ನಾರೋ ವೇಗ ಹೆಚ್ಚಿಸುತ್ತಾರೆ, ಮತ್ತಾರೋ ಹಳೆಯ ಭಾಗವನ್ನು ಕಿತ್ತು ಹೊಸದನ್ನು ಕೂಡಿಸುತ್ತಾರೆ. ನಿನ್ನೆ ಸರಿಯಿದ್ದುದು ಇಂದು ಕೆಡಬಹುದು. ಆದ್ದರಿಂದ ಪ್ರತಿ ಬದಲಾವಣೆಯ ಮೇಲೂ ಹಳೆಯ ಪ್ರಶ್ನೆಗಳನ್ನೆಲ್ಲ ಮತ್ತೆ ಕೇಳಬೇಕು. ಮನುಷ್ಯ ಕೇಳಿದರೆ ಮೂರನೆಯ ದಿನಕ್ಕೆ ಬೇಸತ್ತು ಬಿಡುತ್ತಾನೆ, ಯಂತ್ರಕ್ಕೆ ಬೇಸರವಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ ಅವರು 1995ರಲ್ಲಿ ಬರೆಯತೊಡಗಿದ ಎಕ್ಸಿಮ್ ಎಂಬ ಅಂಚೆ ಸರ್ವರ್ ಇದೆ. ಅದರ ಮೂಲದೊಂದಿಗೇ ಒಂದು ದೊಡ್ಡ ಪರೀಕ್ಷಾ ಕಟ್ಟು ಬರುತ್ತದೆ. ಅದರ ರಚನೆ ನೋಡಿದರೆ ಯಾವ ಸಂಪಾದಕನಿಗೂ ಗೌರವ ಹುಟ್ಟೀತು. ಪ್ರತಿ ಪರೀಕ್ಷೆಗೂ ಒಂದು ಸಂಖ್ಯೆ. ಏನು ಕಳಿಸಬೇಕು, ಯಾವ ಕಾಗದ ಎಲ್ಲಿ ತಲುಪಬೇಕು, ದಿನಚರಿಯ ಕಡತದಲ್ಲಿ ಏನು ದಾಖಲಾಗಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟಿರುತ್ತದೆ. ಹೊರ ಜಗತ್ತಿನ ಜಾಲಹೆಸರುಗಳನ್ನು ನೆಚ್ಚಬಾರದೆಂದು ನಕಲಿ ಹೆಸರು-ಸರ್ವರ್ ಒಂದನ್ನು ಜೊತೆಗಿಟ್ಟಿದ್ದಾರೆ. ಪರೀಕ್ಷೆ ನಡೆದ ಮೇಲೆ ಬಂದುದನ್ನೂ ಬರಬೇಕಾದುದನ್ನೂ ಯಂತ್ರ ಸಾಲುಸಾಲಾಗಿ ಹೋಲಿಸುತ್ತದೆ. ದಿನಾಂಕ, ಸಮಯ, ಕಾಗದದ ಗುರುತುಸಂಖ್ಯೆ ಇವು ಪ್ರತಿ ಬಾರಿಯೂ ಬೇರೆಯಾಗುವುದರಿಂದ ಹೋಲಿಕೆಗೆ ಮುಂಚೆ ಅವನ್ನು ಒಂದೇ ಸಮನಾದ ಗುರುತುಗಳಿಗೆ ಬದಲಿಸುತ್ತದೆ. ಪಾಠಾಂತರಗಳಲ್ಲಿ ಲಿಪಿಕಾರನ ಚಾಳಿಯನ್ನು ಬದಿಗಿಟ್ಟು ನಿಜವಾದ ಭೇದವನ್ನಷ್ಟೇ ಎತ್ತಿ ತೋರಿಸುವ ಗ್ರಂಥಸಂಪಾದನೆಗೂ ಇದಕ್ಕೂ ದೂರವಿಲ್ಲ.

ವಕಾರದ ಪ್ರಸಂಗವಾದ ಮೇಲೆ ನಾನೂ ಬಳಗದ ಇಬ್ಬರು ಗೆಳೆಯರೂ ಸೇರಿ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಇಂಥದೊಂದು ಚಿಕ್ಕ ಕಟ್ಟನ್ನು ನಿಲ್ಲಿಸಿದೆವು. ಒಂದೇ ಯಂತ್ರದೊಳಗೆ ಮೂರು ಮಿಥ್ಯಾಯಂತ್ರಗಳು. ಮೂರರಲ್ಲೂ ಪೋಸ್ಟ್‌ಫಿಕ್ಸ್ ಸರ್ವರ್. ಮೊದಲನೆಯದು ಕಳಿಸುವುದು, ಎರಡನೆಯದು ಪಡೆಯುವುದು. ಮೂರನೆಯದನ್ನು ಬೇಕೆಂದೇ ಹಳೆಯ ಕಾಲದ್ದನ್ನಾಗಿ ಮಾಡಿದೆವು. ಅದಕ್ಕೆ ಕನ್ನಡ ವಿಳಾಸ ಗೊತ್ತಾಗದು. ಹೆಸರುಗಳಿಗೆಲ್ಲ ‘.ಟೆಸ್ಟ್’ ಎಂಬ ಕೊನೆ. ಪರೀಕ್ಷೆಗೆಂದೇ 1999ರಿಂದ ಮೀಸಲಾಗಿರುವ ಹೆಸರದು. ನಮ್ಮ ಪರೀಕ್ಷೆಯ ಕಾಗದ ತಪ್ಪಿಯೂ ಹೊರಗಿನ ಯಾರ ಮನೆಗೂ ಹೋಗುವ ಭಯವಿಲ್ಲ. ಕಾಗದ ಹಾಕಲು ಸ್ವಾಕ್ಸ್ ಎಂಬ ಉಚಿತ ಸಾಧನ. ಪ್ರತಿ ರಾತ್ರಿ ಎರಡು ಗಂಟೆಗೆ ತಂತ್ರಾಂಶದ ಹೊಸ ಆವೃತ್ತಿ ಇದ್ದರೆ ತರಿಸಿಕೊಂಡು, ಪರೀಕ್ಷೆಗಳನ್ನೆಲ್ಲ ಓಡಿಸಿ, ಬೆಳಗ್ಗೆ ಒಂದು ಸಾಲಿನ ವರದಿ ಕಳಿಸುತ್ತದೆ. ಖರ್ಚಾದುದು ಕೆಲವು ಭಾನುವಾರಗಳು, ಸ್ವಲ್ಪ ವಿದ್ಯುತ್ತು.

ಮೊದಲ ರಾತ್ರಿ ಎಲ್ಲ ಪರೀಕ್ಷೆಗಳೂ ಗೆದ್ದವು. ಗೆಳೆಯರು ಸಂತೋಷಪಟ್ಟರು, ನನಗೆ ಸಂಶಯವಾಯಿತು. ಹುಡುಕಿದಾಗ ನಮ್ಮದೇ ಮೂರ್ಖತನ ಸಿಕ್ಕಿತು. ‘ಗೋಪಾಲ’ ಎಂಬ ಹೆಸರನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು. ಗಕಾರದ ಮೇಲಿನ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆದರೆ ಇಡೀ ಹೆಸರಿಗೆ ಐದು ಚಿಹ್ನೆ, 15 ಬೈಟು. ಅದೇ ಓತ್ವವನ್ನು ಎತ್ವ, ಊತ್ವ, ದೀರ್ಘ ಎಂದು ಬಿಡಿಬಿಡಿಯಾಗಿ ಬರೆದರೆ ಏಳು ಚಿಹ್ನೆ, 21 ಬೈಟು. ಕಣ್ಣಿಗೆ ಎರಡೂ ಒಂದೇ. ಎರಡೂ ಒಂದೇ ಎಂದು ಯೂನಿಕೋಡ್ ನಿಯಮವೂ ಹೇಳುತ್ತದೆ. ಸರ್ವರಿಗೂ ಹಾಗನ್ನಿಸುತ್ತದೆಯೇ ಎಂಬುದು ನಮ್ಮ ಪರೀಕ್ಷೆ. ಆದರೆ ನಾವು ಕೀಲಿಮಣೆಯಿಂದ ಎರಡು ಸಲ ಒತ್ತಿದ್ದೆವು. ಕೀಲಿಮಣೆಯ ತಂತ್ರಾಂಶ ಎರಡು ಸಲವೂ ಒಂದೇ ರೂಪವನ್ನು ಬರೆದಿತ್ತು. ಚಿಹ್ನೆಗಳ ಸಂಖ್ಯೆಗಳನ್ನೇ ಕೊಟ್ಟು ಎರಡನೆಯ ರೂಪವನ್ನು ಬರೆಸಿದ ಮೇಲೆ ಮರುದಿನ ಬೆಳಗ್ಗೆ ವರದಿ ಬಂತು: ಗೋಪಾಲನಿಗೆ ಬರೆದ ಕಾಗದ ‘ಅಂಥ ಹೆಸರಿನವರು ಇಲ್ಲಿಲ್ಲ’ ಎಂದು ಹಿಂದಿರುಗಿದೆ! ಅವನ ಪೆಟ್ಟಿಗೆ ಅಲ್ಲೇ ಇತ್ತು, ಅವನದೇ ಹೆಸರಿನಲ್ಲಿ. ಸೋಲುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡದ ಪರೀಕ್ಷೆಯನ್ನು ನಂಬಬಾರದೆಂದು ಕಚೇರಿಯಲ್ಲಿ ಕಿರಿಯರಿಗೆ ದಿನವೂ ಹೇಳುವವನು ನಾನು. ಮನೆಯಲ್ಲಿ ಅದನ್ನೇ ಮರೆತಿದ್ದೆ.

ಇನ್ನೊಂದು ಪರೀಕ್ಷೆ ಅಳತೆಯದು. ವಿಳಾಸದಲ್ಲಿ ಆ ಪ್ರಸಿದ್ಧ ಸುರುಳಿ ಗುರುತಿಗಿಂತ ಮುಂಚಿನ ಭಾಗ 64 ಬೈಟುಗಳನ್ನು ಮೀರಬಾರದೆಂದು ನಿಯಮವಿದೆ. ಇಂಗ್ಲಿಷಿಗೆ 64 ಅಕ್ಷರ, ಬೇಕಾದಷ್ಟು. ನಮಗೆ 21 ಚಿಹ್ನೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಚಿಹ್ನೆಗಳನ್ನು, 18 ಬೈಟುಗಳನ್ನು ತಿನ್ನುತ್ತದೆ. ಹಳ್ಳಿಹಳ್ಳಿಯಲ್ಲೂ ಫಲಕಗಳ ಮೇಲೆ ಕಾಣುವ ಹೆಸರೊಂದನ್ನು ತೆಗೆದುಕೊಳ್ಳಿ: ‘ಸ್ತ್ರೀಶಕ್ತಿಸ್ವಸಹಾಯಸಂಘ’. ಬಾಯಲ್ಲಿ ಒಂಬತ್ತು ಅಕ್ಷರ. ಲೆಕ್ಕದಲ್ಲಿ 21 ಚಿಹ್ನೆ, 63 ಬೈಟು. ಹೊಸ್ತಿಲ ಒಳಗೆ ಹೇಗೋ ನಿಲ್ಲುತ್ತದೆ. ಅದರ ಈತ್ವವನ್ನು ಗೋಪಾಲನ ಓತ್ವದಂತೆ ಬಿಡಿಸಿ ಬರೆದರೆ 66 ಬೈಟು, ಹೊಸ್ತಿಲ ಆಚೆ. ಅದೇ ಸಂಘ, ಅದೇ ಫಲಕ. ಒಂದು ಕೀಲಿಮಣೆಯಿಂದ ಬರೆದರೆ ಕಾಗದ ತಲುಪಬಹುದು, ಇನ್ನೊಂದರಿಂದ ಬರೆದರೆ ಹಿಂದಿರುಗಬಹುದು.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರದ ಕಥೆ. ‘ರಾಜ್‌ಕುಮಾರ್’ ಎಂದು ನಾವು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಇಡುತ್ತೇವೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬರದಂತೆ ಮಾಡಲು ಇನ್ನೊಂದು ಅದೃಶ್ಯ ಚಿಹ್ನೆ. ಇಂಗ್ಲಿಷಿನಲ್ಲಿ ಈ ಚಿಹ್ನೆಗಳನ್ನು ಹೆಚ್ಚಾಗಿ ಬಳಸುವವರು ಸೋಸುಕಗಳ ಕಣ್ಣು ತಪ್ಪಿಸಬಯಸುವ ವಂಚಕರು. ಆದ್ದರಿಂದ ಅವನ್ನು ಕಂಡೊಡನೆ ಕಿತ್ತೆಸೆಯುವ, ಇಲ್ಲವೇ ಕಾಗದವನ್ನೇ ಕಸವೆಂದು ಬಗೆಯುವ ಸೋಸುಕಗಳು ಇರುವುದು ಸಹಜ. ಅವರ ದೃಷ್ಟಿಯಲ್ಲಿ ಅದು ಕಸ, ನಮ್ಮ ದೃಷ್ಟಿಯಲ್ಲಿ ಕಾಗುಣಿತ. ಎರಡರ ನಡುವೆ ತೀರ್ಪು ಕೊಡಬೇಕಾದುದು ಪರೀಕ್ಷೆಯ ಕಟ್ಟಿನಲ್ಲಿ ಇರುವ, ಅಥವಾ ಇಲ್ಲದ, ಒಂದು ಸಾಲು.

ನಾಲ್ಕನೆಯದು, ಕನ್ನಡ ಅರಿಯದ ಆ ಮೂರನೆಯ ಸರ್ವರಿಗೆ ಕಾಗದ ಹಾಕುವುದು. 2012ರಲ್ಲಿ ಬಂದ ಎಸ್‌ಎಂಟಿಪಿ-ಯುಟಿಎಫ್-8 ನಿಯಮದಂತೆ, ಕನ್ನಡ ವಿಳಾಸವನ್ನು ಒಪ್ಪುವ ಸರ್ವರ್ ಮೊದಲ ಮಾತಿನಲ್ಲೇ ಹಾಗೆಂದು ಸಾರಬೇಕು. ಎದುರಿನದು ಸಾರದಿದ್ದರೆ ಕಳಿಸುವ ಸರ್ವರ್ ಆ ಕಾಗದವನ್ನು ವಿರೂಪಗೊಳಿಸಿ ದಾಟಿಸಬಾರದು, 5.6.7 ಎಂಬ ಸಂಕೇತದೊಂದಿಗೆ ಬರೆದವರಿಗೇ ಹಿಂದಿರುಗಿಸಬೇಕು. ಇಲ್ಲಿ ಗೆಲುವೆಂದರೆ ಗೌರವದ ಸೋಲು. ಕಾಗದ ತಲುಪಲಿಲ್ಲ ಎಂಬ ಸುದ್ದಿಯಾದರೂ ತಲುಪಬೇಕು. ಮೌನವಾಗಿ ಕಳೆದುಹೋದ ಕಾಗದಕ್ಕಿಂತ ದೊಡ್ಡ ಅವಮಾನ ಅಂಚೆಯ ಲೋಕದಲ್ಲಿ ಇಲ್ಲ.

ಇನ್ನು ಜಗಳಕ್ಕೆ ಬರುತ್ತೇನೆ. ಈ ವಿಷಯ ಎತ್ತಿದಾಗಲೆಲ್ಲ ನನಗೆ ಎದುರಾಗುವ ಮಾತುಗಳು ಮೂರು.

ಒಂದು: ಕನ್ನಡದಲ್ಲಿ ವಿಳಾಸ ಯಾರಿಗೆ ಬೇಕು? ಪಕ್ಕದ ಮನೆಯ ತಮಿಳರು ಅದನ್ನು ಒತ್ತಲಾರರು, ಬ್ಯಾಂಕಿನ ನಮೂನೆ ಒಪ್ಪದು, ಇಂಗ್ಲಿಷ್ ವಿಳಾಸವೇ ಸಾಕು. ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ನನ್ನ ವಿಳಾಸವೂ ಇಂಗ್ಲಿಷಿನಲ್ಲೇ ಇದೆ. ಆದರೆ ರಾಜ್ಯೋತ್ಸವದ ವಕಾರ ಮಾಯವಾದದ್ದು ವಿಳಾಸದಲ್ಲಲ್ಲ, ವಿಷಯದ ಸಾಲಿನಲ್ಲಿ. ಕನ್ನಡ ವಿಳಾಸ ಬೇಡವೆನ್ನುವವರಿಗೂ ಕನ್ನಡ ಕಾಗದ ಬೇಕಲ್ಲವೇ? ಅಲ್ಲದೆ, ಬೇಡಿಕೆ ಇಲ್ಲವೆಂದು ಪರೀಕ್ಷಿಸುವುದಿಲ್ಲ, ಪರೀಕ್ಷೆ ಇಲ್ಲವೆಂದು ಕೆಡುತ್ತದೆ, ಕೆಡುತ್ತದೆಂದು ಜನ ಬಳಸುವುದಿಲ್ಲ, ಬಳಸುವುದಿಲ್ಲವೆಂದು ಬೇಡಿಕೆ ಇಲ್ಲ. ಈ ಗಾಣದ ಸುತ್ತು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಅತಿ ಕಡಿಮೆ ಖರ್ಚಿನಲ್ಲಿ ಮುರಿಯಬಹುದಾದ ಜಾಗ ಪರೀಕ್ಷೆಯದೇ.

ಎರಡು: ಇದು ಸರಕಾರದ ಕೆಲಸ. ಸರಕಾರಗಳು ಮಾಡಬೇಕಾದುದು ಖಂಡಿತ ಇದೆ. ಆದರೆ ಆಗಿರುವುದನ್ನು ನೋಡಿ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಕನ್ನಡ ಲಿಪಿಯ ‘.ಭಾರತ’ ಎಂಬ ಜಾಲಹೆಸರೂ ಇದೆ. ಪೋಸ್ಟ್‌ಫಿಕ್ಸ್ 2015ರ ತನ್ನ 3.0 ಆವೃತ್ತಿಯಲ್ಲಿ, ಜಿಮೇಲ್ ಅದಕ್ಕೂ ಒಂದು ವರ್ಷ ಮೊದಲು, ಇಂಗ್ಲಿಷೇತರ ವಿಳಾಸಗಳಿಗೆ ಬಾಗಿಲು ತೆರೆದವು. 2016ರಲ್ಲಿ ಜೈಪುರದ ಸಂಸ್ಥೆಯೊಂದು ಭಾರತೀಯ ಭಾಷೆಗಳಲ್ಲಿ ಅಂಚೆ ವಿಳಾಸ ಕೊಡತೊಡಗಿತು. ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಪೋಸ್ಟ್‌ಫಿಕ್ಸ್‌ನ ಬಾಗಿಲು ತೆರೆದುದು ಯಾರ ಹಣದಿಂದ ಗೊತ್ತೇ? ಚೀನಾದ ಜಾಲಹೆಸರುಗಳ ನೋಂದಣಿ ಸಂಸ್ಥೆಯಾದ ಸಿಎನ್‌ಎನ್‌ಐಸಿಯ ಪ್ರಾಯೋಜಕತ್ವದಲ್ಲಿ ಆರ್ಂಟ್ ಗುಲ್‌ಬ್ರಾಂಡ್‌ಸೆನ್ ಎಂಬ ತಂತ್ರಜ್ಞರು ಆ ಭಾಗದ ಮೊದಲ ರೂಪವನ್ನು ಬರೆದುಕೊಟ್ಟರು. ಚೀನೀಯರು ತಮ್ಮ ಲಿಪಿಗಾಗಿ ತೆರೆಸಿದ ಬಾಗಿಲಲ್ಲಿ ಕನ್ನಡವೂ ಪುಕ್ಕಟೆಯಾಗಿ ಒಳಗೆ ನಡೆಯಿತು. ಒಳಗೆ ಬಂದ ಮೇಲೆ ನಮ್ಮ ಒತ್ತಕ್ಷರ, ನಮ್ಮ ದೀರ್ಘ, ನಮ್ಮ ಅದೃಶ್ಯ ಚಿಹ್ನೆಗಳನ್ನೂ ಚೀನೀಯರೇ ನೋಡಿಕೊಳ್ಳಲಿ ಎಂದು ಕುಳಿತರೆ ಅದಕ್ಕಿಂತ ನಾಚಿಕೆ ಇಲ್ಲ. ಅವರ ಲಿಪಿಯಲ್ಲಿ ಗುಣಿತವಿಲ್ಲ; ಗೋಪಾಲನ ಸಂಕಟ ಅವರಿಗೆ ತಿಳಿಯುವ ಸಂಭವವೇ ಇಲ್ಲ.

ನಾವು ಬದುಕುತ್ತಿರುವ ಊರಿನಿಂದಲಾದರೂ ಕಲಿಯಬಹುದು. 1999ರ ಫೆಬ್ರವರಿಯಲ್ಲಿ ಇದೇ ಚೆನ್ನೈನಲ್ಲಿ ‘ತಮಿಳ್‌ನೆಟ್ 99’ ಸಮ್ಮೇಳನ ನಡೆದು, ಕೀಲಿಮಣೆ ಹೇಗಿರಬೇಕು, ಅಕ್ಷರಗಳಿಗೆ ಯಾವ ಸಂಖ್ಯೆ ಕೊಡಬೇಕು ಎಂಬ ಒಣ ವಿಷಯಗಳನ್ನು ಚರ್ಚಿಸಿತು. ಅಂದು ಒಪ್ಪಿದ ಅಕ್ಷರಸಂಕೇತಗಳು ಮುಂದೆ ಯೂನಿಕೋಡಿಗೆ ಜಾಗ ಬಿಟ್ಟುಕೊಡಬೇಕಾಯಿತು, ಅದು ನಿಜ. ಆದರೆ ಭಾಷಾಭಿಮಾನವೆಂದರೆ ಇಂಥ ಒಣ ವಿಷಯಗಳೂ ಹೌದು ಎಂಬ ತಿಳಿವಳಿಕೆ ಉಳಿಯಿತು. ಇಂದು ತಮಿಳಿಗೆ ಭಾರತ, ಶ್ರೀಲಂಕಾ, ಸಿಂಗಪುರ ಎಂಬ ಮೂರು ದೇಶಗಳ ಹೆಸರಿನ ಜಾಲಕೊನೆಗಳಿವೆ. ಅದು ಮೂರು ದೇಶಗಳಲ್ಲಿ ಅಧಿಕೃತ ಭಾಷೆ ಎಂಬ ಅನುಕೂಲ ಅದಕ್ಕಿದೆ, ನಮಗಿಲ್ಲ. ಇಲ್ಲದ ಅನುಕೂಲಕ್ಕಾಗಿ ಯಾರನ್ನೂ ದೂರುವುದಿಲ್ಲ. ಇರುವ ಕೈಗಳನ್ನು ಮಡಿಸಿಕೊಂಡು ಕುಳಿತದ್ದಕ್ಕಾಗಿ ದೂರುತ್ತೇನೆ.

ಮೂರು: ನಾವು ಸಾಹಿತ್ಯದವರು, ಸರ್ವರಿನ ಸಂಗತಿ ನಮಗೇನು ಗೊತ್ತು? ನನಗೆ ಹೆಚ್ಚು ಸಿಟ್ಟು ತರಿಸುವ ಮಾತು ಇದು. ವಿನಯದ ವೇಷ ತೊಟ್ಟ ಸೋಮಾರಿತನ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಏನು ಮಾಡಿದ? ಸೂತ್ರ ಹೇಳಿದ, ವೃತ್ತಿ ಬರೆದ, ಅಷ್ಟಕ್ಕೆ ನಿಲ್ಲದೆ ಪ್ರತಿ ಸೂತ್ರಕ್ಕೂ ಪೂರ್ವಕವಿಗಳಿಂದ ಪ್ರಯೋಗಗಳನ್ನು ಆಯ್ದು ಕೊಟ್ಟ. ಸೂತ್ರ ಸರಿಯೋ ತಪ್ಪೋ ಎಂದು ನೋಡಲು ಅವನ ಬಳಿ ಇದ್ದ ಸಾಧನ ಆ ಪ್ರಯೋಗಗಳೇ. ನಿಯಮಕ್ಕೆ ನಿಲ್ಲುವ ಪ್ರಯೋಗ, ನಿಯಮಕ್ಕೆ ಅಪವಾದವಾದ ಪ್ರಯೋಗ, ಎರಡೂ ಬೇಕೆಂದು ಅವನಿಗೆ ಗೊತ್ತಿತ್ತು. ಪರೀಕ್ಷೆಯ ಕಟ್ಟೆಂದರೆ ಇದೇ. ಸೂತ್ರವನ್ನು ಇಂಜಿನಿಯರುಗಳು ಬರೆದಿದ್ದಾರೆ, ಅದರ ವೃತ್ತಿ ನಿಯಮಾವಳಿಗಳಲ್ಲಿದೆ. ಇಲ್ಲದಿರುವುದು ಪ್ರಯೋಗ. ಯಾವ ಪದದಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಬರುತ್ತವೆ, ಯಾವ ಹೆಸರಿನಲ್ಲಿ ಒತ್ತು ಬೀಳಬಾರದು, ಕನ್ನಡದ ಅಂಕಿಗಳನ್ನೂ ಇಂಗ್ಲಿಷ್ ಅಂಕಿಗಳನ್ನೂ ನಾವು ಒಂದೇ ಸಾಲಿನಲ್ಲಿ ಹೇಗೆ ಬೆರೆಸುತ್ತೇವೆ, ವಿಸರ್ಗ ಎಲ್ಲಿ ಬರುತ್ತದೆ, ಹಳಗನ್ನಡದ ಱಕಾರ ೞಕಾರಗಳು ಇಂದಿನ ಕಾಗದದಲ್ಲಿ ಎಲ್ಲಿ ತಲೆಹಾಕುತ್ತವೆ: ಇದೆಲ್ಲ ನಮಗಲ್ಲದೆ ಇನ್ನಾರಿಗೆ ಗೊತ್ತು? ಇದಕ್ಕೆ ಪ್ರೋಗ್ರಾಮಿಂಗ್ ಬೇಡ. ಓದಿದ ಕಣ್ಣು ಬೇಕು.

ಹೊರನಾಡಿನ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ವಿಷಯ. ಬೆಂಗಳೂರಿನ ಕಚೇರಿಯಲ್ಲಿ ಕನ್ನಡ ಅಕ್ಷರ ಮುರಿದರೆ ಪಕ್ಕದ ಮೇಜಿನವರು ಯಾರಾದರೂ ಕಂಡಾರು, ಕೂಗಿಯಾರು. ಚೆನ್ನೈ, ಪುಣೆ, ದುಬೈಗಳ ಕಚೇರಿಗಳಲ್ಲಿ ನಮ್ಮ ಕಾಗದಗಳನ್ನು ಸಾಗಿಸುವ ಯಂತ್ರಗಳ ಬಳಿ ಕುಳಿತವರಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲದಿರಬಹುದು. ಅಲ್ಲಿ ‘ರಾಜ್ಯೋತ್ಸವ’ಕ್ಕೂ ‘ರಾಜ್ಯೋತ್ಸ’ಕ್ಕೂ ಭೇದ ಕಾಣುವವರಿಲ್ಲ. ಸ್ವಯಂಚಾಲಿತ ಪರೀಕ್ಷೆ ಎಂದರೆ ಕನ್ನಡ ಓದುವವರಿಲ್ಲದ ಕಡೆ ಕನ್ನಡವನ್ನು ಓದುವ ಕಣ್ಣು. ನಾವಿಲ್ಲದಲ್ಲಿ, ನಾವು ಮಲಗಿರುವಾಗ, ನಮ್ಮ ಪರವಾಗಿ ಅದು ಓದುತ್ತದೆ. ಹೊರನಾಡಿನಲ್ಲಿ ಇರುವವರಿಗೆ ಇದಕ್ಕಿಂತ ಬೇರೆ ಪ್ರತಿನಿಧಿ ಯಾರು?

ಪರೀಕ್ಷೆಯೇ ಸರ್ವಸ್ವ ಎನ್ನುತ್ತಿಲ್ಲ. ಅದು ಫಾಂಟಿನ ಕೊರತೆಯನ್ನು ತುಂಬದು, ಬಂದ ಕಾಗದವನ್ನು ತೆರೆದು ಓದುವ ಆಸಕ್ತಿಯನ್ನು ಹುಟ್ಟಿಸದು. ನಾವು ಊಹಿಸದ ದೋಷವನ್ನು ಅದು ಹಿಡಿಯುವುದೂ ಇಲ್ಲ. ಹಿಡಿಯುವುದು ಒಮ್ಮೆ ಕಂಡ ದೋಷ ಮತ್ತೆ ಬಂದಾಗ. ಆದರೆ ಒಮ್ಮೆ ಕಂಡ ದೋಷಗಳಿಂದಲೇ ನಮ್ಮ ಅರ್ಧ ಆಯುಸ್ಸು ಕಳೆದಿದೆ. ಅದೇ ಚೌಕ, ಅದೇ ಪ್ರಶ್ನೆಚಿಹ್ನೆ, ಪ್ರತಿ ಹೊಸ ಫೋನಿನಲ್ಲಿ, ಪ್ರತಿ ಹೊಸ ಸೇವೆಯಲ್ಲಿ. ಪ್ರತಿ ಬಾರಿಯೂ ನಾವು ಗೊಣಗುತ್ತೇವೆ, ಫೋನ್ ಬದಲಿಸುತ್ತೇವೆ, ಕೊನೆಗೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಳಿಸುತ್ತೇವೆ. ಸೋಲು ಪೂರ್ಣವಾಗುವುದು ಆ ಕೊನೆಯ ಹೆಜ್ಜೆಯಲ್ಲಿ.

ಬಳಗದ ಗೆಳೆಯರಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ನವೆಂಬರಿನೊಳಗೆ ನೂರು ಸಾಲುಗಳನ್ನು ಕೂಡಿಸೋಣ. ಕವಿತೆಯ ಸಾಲುಗಳಲ್ಲ, ಮದುವೆಯ ಕರೆಯೋಲೆಯ ಶೀರ್ಷಿಕೆ, ಊರಿನ ಹೆಸರು, ಸಂಘದ ಹೆಸರು, ಔಷಧಿಯ ಚೀಟಿ, ಮಗುವಿನ ಹೆಸರು, ಹೀಗೆ ನಿಜವಾಗಿ ಅಂಚೆಯಲ್ಲಿ ಓಡಾಡುವ ಕನ್ನಡ. ಒಂದೊಂದರ ಮುಂದೆ ಅದು ಹೇಗೆ ತಲುಪಬೇಕು, ಏನಾದರೆ ತಪ್ಪು ಎಂದು ಒಂದು ಸಾಲು ಟಿಪ್ಪಣಿ. ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿ. ಅದನ್ನು ಪರೀಕ್ಷೆಯ ರೂಪಕ್ಕೆ ತಂದು ಎಕ್ಸಿಮ್, ಪೋಸ್ಟ್‌ಫಿಕ್ಸ್ ಮೊದಲಾದ ತಂತ್ರಾಂಶಗಳವರ ಬಾಗಿಲಿಗೆ ಒಯ್ಯುವ ಕೆಲಸ ನನ್ನಂಥವರದು. ಅವರು ತೆಗೆದುಕೊಳ್ಳುತ್ತಾರೆಯೇ? ಕೆಲವರು ತೆಗೆದುಕೊಂಡಾರು, ಕೆಲವರು ತಿರಸ್ಕರಿಸಿಯಾರು. ತಿರಸ್ಕರಿಸಿದರೆ ಆಗ ಜಗಳವಾಡಲು ನಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಇಂದು ಇರುವುದು ಗೊಣಗಾಟ ಮಾತ್ರ.

ನಮ್ಮ ಕಟ್ಟಿನ ಮೊದಲನೆಯ ಪರೀಕ್ಷೆಗೆ ಮೇಷ್ಟ್ರ ಪರವಾಗಿ ‘ಕನ್ನಡ ರಾಜ್ಯೋತ್ಸವ ಆಹ್ವಾನ’ ಎಂದೇ ಹೆಸರಿಟ್ಟಿದ್ದೇನೆ. ಆ ಸಂಸ್ಥೆಗೆ 46 ಬೈಟುಗಳ ಲೆಕ್ಕವನ್ನು ಬಿಡಿಸಿ ಬರೆದು ಕಳಿಸಿದಾಗ ಫೋನುಗಳ ಮಾತು ನಿಂತಿತು. ಮೂರು ವಾರಗಳಲ್ಲಿ ದೋಷ ಸರಿಯಾಯಿತು. ಮೇಷ್ಟ್ರಿಗೆ ಹೇಳಿದೆ. “ಸರಿಯಪ್ಪಾ, ವಕಾರ ಬಂತು. ಆದರೆ ಮುಂದಿನ ಸಲ ಅವರು ತಂತ್ರಾಂಶ ಬದಲಿಸಿದಾಗ?” ಎಂದು ಕೇಳಿದರು. ಕಂಪ್ಯೂಟರನ್ನು ಮುಟ್ಟಲು ಹಿಂಜರಿಯುವ ಅವರು ಕೇಳಿದ ಆ ಪ್ರಶ್ನೆಯನ್ನು, ಕಂಪ್ಯೂಟರಿನಿಂದಲೇ ಬದುಕುವ ನಾವು ಎಷ್ಟೋ ಮಂದಿ ಇನ್ನೂ ಕೇಳಿಲ್ಲ.